ಪರದೇಶದಲ್ಲಿ ಪೆದ್ದಮ್ಮನ ಅಮಾವಾಸ್ಯೆ

ಟ್ರಂಕಿನ ತಳದಲ್ಲಿದ್ದ ಹಳೆಯ ಸ್ವೆಟರನ್ನು ಬಿಸಿಲಿಗೆ ಹಾಕೋಣವೆಂದು ಕೊಡವಿದಾಗ ಜೇಬಿನಿಂದ ಏನೋ ಕೆಳಗೆ ಬಿತ್ತು. ಚಳ್ಳಕೆರೆಯಲ್ಲಿ ಸ್ವೆಟರಿಗೆ ಅಂಥ ಕೆಲಸವಿಲ್ಲ. ವರ್ಷಕ್ಕೆ ಹದಿನೈದು ದಿನ ಬೆಳಗಿನ ಹೊತ್ತು ಹಾಕಿಕೊಂಡರೆ ಹೆಚ್ಚು. ಇದನ್ನಂತೂ ಒಂದೇ ಒಂದು ಪ್ರಯಾಣಕ್ಕೆಂದು ಕೊಂಡು, ಬಂದ ಮೇಲೆ ಮಡಿಚಿಟ್ಟು ಮರೆತಿದ್ದೆ. ಬಗ್ಗಿ ಎತ್ತಿಕೊಂಡು ನೋಡಿದರೆ ರೇಷ್ಮೆ ದಾರದ ಒಂದು ಪುಟ್ಟ ಕುಚ್ಚು. ಅರ್ಧ ಕೆಂಪು, ಅರ್ಧ ಗಿಳಿಹಸಿರು, ತಲೆಯ ಹತ್ತಿರ ಎರಡು ಬಿಗಿ ಗಂಟು. ಮೂಸಿದೆ. ನುಸಿಗುಳಿಗೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಉಳಿದ ಬಟ್ಟೆಯನ್ನೆಲ್ಲ ಹಾಗೇ ಬಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟೆ... ಆ ಗಂಟು ಹಾಕಿದ ಬೆರಳುಗಳು ಕಣ್ಣಿಗೆ ಕಟ್ಟಿದ್ದವು.

ಮೊಳಕಾಲ್ಮೂರಿನ ಆ ನೇಕಾರರ ಬೀದಿಯಲ್ಲಿ ಅವಳನ್ನು ಎಲ್ಲರೂ ಪೆದ್ದಮ್ಮ ಎಂದೇ ಕರೆಯುತ್ತಿದ್ದರು. ತೆಲುಗಿನಲ್ಲಿ ಪೆದ್ದಮ್ಮ ಎಂದರೆ ದೊಡ್ಡಮ್ಮ. ಆಂಧ್ರದ ಗಡಿ ಕೂಗಳತೆಯಲ್ಲಿರುವ ಊರು, ಒಂದೇ ಮಾತಿನಲ್ಲಿ ಎರಡೂ ಭಾಷೆ ಓಡಾಡುತ್ತವೆ. ಬೆಂಗಳೂರಿನಿಂದ ಬಂದ ನಮ್ಮ ಸಾಹೇಬರಿಗೆ ಇದು ತಿಳಿಯದೆ, ಇಷ್ಟು ಚುರುಕಾದ ಹೆಂಗಸನ್ನು ಪೆದ್ದಿ ಅಂತ ಯಾಕೆ ಕರೆಯುತ್ತೀರಿ ಎಂದು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದರು. ಅದನ್ನು ಅವಳಿಗೆ ಹೇಳಿದಾಗ ಮಗ್ಗದ ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ‘ಅವಳು’ ಎಂದು ಬರೆಯುತ್ತಿದ್ದೇನೆ. ಎದುರಿಗೆ ಯಾವತ್ತೂ ನೀವು ಎಂದೇ ಮಾತಾಡಿಸುತ್ತಿದ್ದೆ. ನೆನಪಿನಲ್ಲಿ ಮಾತ್ರ ಬಹುವಚನ ನಿಲ್ಲುತ್ತಿಲ್ಲ.

ನಾನಾಗ ಕೈಮಗ್ಗದ ಸೀರೆಗಳನ್ನು ಹೊರದೇಶದ ಮೇಳಗಳಿಗೆ ಒಯ್ಯುವ ಒಂದು ಸಣ್ಣ ಸಂಸ್ಥೆಯಲ್ಲಿದ್ದೆ. ಕೆಲಸದ ಹೆಸರು ದೊಡ್ಡದಿತ್ತು, ಕೆಲಸ ಏನೆಂದರೆ ಸಾಹೇಬರ ಇಂಗ್ಲಿಷನ್ನು ನೇಕಾರರಿಗೂ ನೇಕಾರರ ಕಷ್ಟವನ್ನು ಸಾಹೇಬರಿಗೂ ತಲುಪಿಸುವುದು. ವರ್ಷ ವರ್ಷಕ್ಕೆ ಕರಾರು ಕಾಗದ ಬರೆಸಿಕೊಂಡು ಇಟ್ಟುಕೊಳ್ಳುವ ನೌಕರಿ. ಆ ವರ್ಷ ಜರ್ಮನಿಯ ಒಂದು ಊರಿನ ವಸ್ತುಸಂಗ್ರಹಾಲಯದಲ್ಲಿ ನಾಲ್ಕು ದಿನದ ಮೇಳವಿತ್ತು. ಜನರ ಎದುರಿಗೆ ಮಗ್ಗದಲ್ಲಿ ಕೂತು ನೇಯ್ದು ತೋರಿಸುವವರು ಒಬ್ಬರು ಬೇಕು ಎಂದಿದ್ದರು. ಗಂಡ ತೀರಿಕೊಂಡ ಮೇಲೆ ಅವನ ಮಗ್ಗದಲ್ಲಿ ತಾನೇ ಕೂತು, ಮೂವತ್ತು ವರ್ಷ ಅಂಚಿನಲ್ಲಿ ಗಿಳಿ, ಮಾವಿನಕಾಯಿ ಎತ್ತುತ್ತಾ ಬಂದ ಪೆದ್ದಮ್ಮನ ಹೆಸರನ್ನು ನಾನೇ ಬರೆದು ಕಳಿಸಿದೆ.

ಹೋಗುವ ಮುಂಚೆ ಅವಳಿಗೆ ಓದಿ ಹೇಳಲೆಂದು ಸಾಹೇಬರು ಎರಡು ಹಾಳೆ ಕೊಟ್ಟಿದ್ದರು. ಹೊರದೇಶದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ಸೂಚನೆಗಳು. ಹೋಟೆಲಿನಲ್ಲಿ ಬಡಿಸಿದವರಿಗೆ ಮೇಲೆ ಎಷ್ಟು ಕೊಡಬೇಕು, ಕೋಣೆ ಗುಡಿಸುವವರಿಗೆ ದಿಂಬಿನ ಮೇಲೆ ಎಷ್ಟು ಇಡಬೇಕು, ಬಿಲ್ಲಿನಲ್ಲೇ ಸೇರಿಸಿದ್ದರೆ ಮತ್ತೆ ಕೊಡಬೇಕೋ ಬೇಡವೋ, ಯಾವ ದಿನ ಅಂಗಡಿಗಳು ಮುಚ್ಚಿರುತ್ತವೆ ಎಂಬೆಲ್ಲ ವಿವರ. ನಾನು ನಿಘಂಟು ಇಟ್ಟುಕೊಂಡು ಭಾರಿ ಮುತುವರ್ಜಿಯಿಂದ ಅದನ್ನು ಕನ್ನಡಕ್ಕೆ ಇಳಿಸಿದ್ದೆ. ಅವಳ ಮನೆಯ ಜಗಲಿಯಲ್ಲಿ ಕೂತು ಓದಿದೆ. ಅವಳು ಕಂಡಿಕೆ ಸುತ್ತುತ್ತಾ, ಆ ಪುಟ್ಟ ಕೊಳವೆಗೆ ದಾರ ತುಂಬಿಸುತ್ತಾ, ತಲೆಯಾಡಿಸುತ್ತಿದ್ದಳು. ‘ಸೇವಾ ಶುಲ್ಕ’ ಎಂಬ ನನ್ನ ಅನುವಾದ ಬಂದಾಗ ಕೈ ನಿಲ್ಲಿಸಿ, ಯಾವ ದೇವರ ಸೇವೆ ಎಂದು ಕೇಳಿದಳು. ಸೇವೆಯ ಚೀಟಿ ಬರೆಸುವುದು ದೇವಸ್ಥಾನದಲ್ಲಿ ತಾನೇ. ದೇವರದ್ದಲ್ಲ ಪೆದ್ದಮ್ಮ, ಊಟ ಬಡಿಸಿದ್ದಕ್ಕೆ ಎಂದೆ. ಊಟ ಬಡಿಸಿದ್ದನ್ನೂ ಸೇವೆ ಅಂತಾರಾ, ಹಾಗಾದರೆ ನಾನು ಬೇಕಾದಷ್ಟು ಪುಣ್ಯ ಮಾಡಿದೀನಿ ಬಿಡು ಎಂದು ಮತ್ತೆ ಸುತ್ತತೊಡಗಿದಳು.

ಭಕ್ಷೀಸಿನ ವಿಷಯ ಅವಳಿಗೆ ಹಿಡಿಸಲಿಲ್ಲ. ಕೊಡುವುದಕ್ಕೆ ಬೇಸರವೇನಿಲ್ಲ, ಆದರೆ ಅದು ಒಂದೇ ಕಡೆ ಹೋಗುವುದು ಅವಳಿಗೆ ಸರಿ ಕಾಣಲಿಲ್ಲ. ಅವಳ ತಾಯಿ ಬಸ್ ಸ್ಟ್ಯಾಂಡಿನಲ್ಲಿ ಹುರಿದ ಶೇಂಗಾ ಮಾರುತ್ತಿದ್ದವಳು. ಪಾವಿನಲ್ಲಿ ತಲೆ ಸವರಿ ಅಳೆದು ಸುರಿದ ಮೇಲೆ, ಅಳತೆಯಿಲ್ಲದ ಒಂದು ಹಿಡಿಯನ್ನು ಮೇಲೆ ಹಾಕುವುದು. ಅದೇ ಕೊಸರು. ಕನ್ನಡದಲ್ಲೂ ಕೊಸರು, ತೆಲುಗಿನಲ್ಲೂ ಕೊಸರು. ಕೊಸರು ಹಾಕದೆ ಗಿರಾಕಿಯನ್ನು ಕಳಿಸಿದರೆ ಅವಳ ತಾಯಿಗೆ ಆ ದಿನ ಊಟ ಸೇರುತ್ತಿರಲಿಲ್ಲವಂತೆ. ಕೊಂಡವನಿಗೆ ಮಾರಿದವನು ಹೆಚ್ಚಿಗೆ ಕೊಡುವುದು ಅವಳಿಗೆ ಗೊತ್ತಿತ್ತು. ಕೊಂಡವನೇ ಹೆಚ್ಚಿಗೆ ಕೊಟ್ಟು ಬರೋದು ಯಾವ ಸೀಮೆ ವ್ಯಾಪಾರ ಎಂದು ಕೇಳಿದಳು.

ರಜೆಯ ಭಾಗಕ್ಕೆ ಬಂದಾಗ ಮಾತ್ರ ಅವಳು ಗಂಭೀರವಾದಳು. ಅಲ್ಲಿನವರ ರಜೆಗಳನ್ನೆಲ್ಲ ಕೇಳಿಸಿಕೊಂಡು, ತನ್ನದೂ ಒಂದು ರಜೆ ಉಂಟು ಎಂದಳು. “ಎಲ್ಲಾ ನೀನು ಹೇಳ್ದಂಗೆ ಕೇಳ್ತೀನವ್ವ. ಅಮಾಸೆ ದಿನ ಮಾತ್ರ ಮಗ್ಗಕ್ಕೆ ಕೂರಲ್ಲ. ಸೆಲವು ಅಂದ್ರೆ ಸೆಲವು.” ರಜೆಗೆ ತೆಲುಗಿನಲ್ಲಿ ಸೆಲವು. ಆ ಬೀದಿಯಲ್ಲಿ ಅಮಾವಾಸ್ಯೆಗೆ ಯಾವ ಮನೆಯ ಮಗ್ಗವೂ ಸದ್ದು ಮಾಡುವುದಿಲ್ಲ ಎಂಬುದು ನನಗೂ ಗೊತ್ತಿದ್ದ ವಿಷಯವೇ. ಆಯ್ತು ಪೆದ್ದಮ್ಮ, ಮಾತು ಕೊಟ್ಟೆ ಎಂದೆ. ಗೋಡೆಯ ಮೇಲೆ ಕ್ಯಾಲೆಂಡರು ನೇತಾಡುತ್ತಿತ್ತು. ತಿರುಗಿ ನೋಡಿದ್ದರೆ ಮುಗಿದುಹೋಗುತ್ತಿತ್ತು... ನೋಡಲಿಲ್ಲ.

ವಿಮಾನ ಹತ್ತುವಾಗ ಅವಳ ಕೈಯಲ್ಲಿ ಗಂಡನ ಕೈಗಡಿಯಾರವಿತ್ತು. ಸಡಿಲವಾಗಿ ಮೊಣಕೈವರೆಗೆ ಜಾರುತ್ತಿತ್ತು. ಇಳಿದ ಮೇಲೆ ಅಲ್ಲಿನ ಹೊತ್ತಿಗೆ ತಿರುಗಿಸಿ ಕೊಡುತ್ತೇನೆ ಎಂದರೆ ಕೊಡಲಿಲ್ಲ. ಅಲ್ಲಿನ ಗಡಿಯಾರ ನಮ್ಮೂರಿಗಿಂತ ಮೂರೂವರೆ ಗಂಟೆ ಹಿಂದೆ. ಇಲ್ಲಿಯ ಟೈಮು ಗೋಡೆ ಮೇಲೆಲ್ಲಾ ಐತೆ, ನಮ್ಮೂರ ಟೈಮು ಇದೊಂದರಾಗೇ ಇರೋದು ಎಂದಳು. ಊಟಕ್ಕೆ ಕೂತಾಗ ಗಡಿಯಾರ ನೋಡಿ, ಈಗ ಸೊಸೆ ದೀಪ ಹಚ್ಚಿರ್ತಾಳೆ ಎನ್ನುವಳು. ನಿದ್ದೆ ಬರದಿದ್ದರೆ ಅದನ್ನೇ ಕಿವಿಗಿಟ್ಟುಕೊಂಡು ಮಲಗುವಳು.

ನಾವು ಇಳಿದ ದಿನ ಗುರುವಾರ. ಊರಿಗೆ ಊರೇ ಬೀಗ ಹಾಕಿಕೊಂಡಿತ್ತು. ಏಸುಸ್ವಾಮಿ ಸ್ವರ್ಗಕ್ಕೆ ಏರಿದ ದಿನವಂತೆ. ನನ್ನ ಹಾಳೆಯಲ್ಲಿ ಅದು ಇತ್ತು. ನಾನೇ ಅನುವಾದ ಮಾಡಿ ನಾನೇ ಮರೆತಿದ್ದೆ. ಒಂದು ಪ್ಯಾಕೆಟ್ ಹಾಲಿಗಾಗಿ ಮೂರು ಬೀದಿ ಅಲೆದೆ. ಇವರಿಗೆ ದುಡ್ಡು ಬೇಡವಾ, ಗಿರಾಕಿ ಬಾಗಿಲಿಗೆ ಬಂದು ನಿಂತರೂ ಹೀಗೆ ಮುಚ್ಚಿಕೊಂಡು ಕೂತರೆ ಹೇಗೆ ಎಂದು ದಾರಿಯುದ್ದಕ್ಕೂ ಬೈಯುತ್ತಿದ್ದೆ. ಪೆದ್ದಮ್ಮ ಮಾತ್ರ ಮುಚ್ಚಿದ ಗಾಜಿನ ಬಾಗಿಲುಗಳನ್ನು ಒಂದೊಂದಾಗಿ ನೋಡುತ್ತಾ ಖುಷಿಯಾಗಿ ಬರುತ್ತಿದ್ದಳು. ಒಂದು ಮನೆಯ ಮುಂದಿನ ಹುಲ್ಲಿನ ಮೇಲೆ ಗಂಡ ಹೆಂಡತಿ ಚಪ್ಪಲಿ ಬಿಟ್ಟು ಕಾಲು ಚಾಚಿಕೊಂಡು ಕೂತಿದ್ದರು. ಅವರಿಗೆ ಕೈ ಮುಗಿದು ನನ್ನ ಕಡೆ ತಿರುಗಿ, “ಇವರಿಗಿವತ್ತು ಅಮಾಸೆ ಕಣವ್ವ. ಬೈಬ್ಯಾಡ” ಎಂದಳು. ಆ ರಾತ್ರಿ ನಾವು ಉಂಡದ್ದು ಅವಳು ಗಂಟು ಕಟ್ಟಿ ತಂದಿದ್ದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ.

ಮರುದಿನ ಊಟಕ್ಕೆ ಹೋದಲ್ಲಿ ನನ್ನ ಜಾಣತನ ಮತ್ತಷ್ಟು ಬಯಲಾಯಿತು. ನಮ್ಮಲ್ಲಿ ಸೋಂಪಿನ ತಟ್ಟೆಯಲ್ಲಿ ಬಿಟ್ಟು ಬರುವ ಹಾಗೆ ನಾನು ಒಂದಷ್ಟು ನಾಣ್ಯಗಳನ್ನು ತಟ್ಟೆಯ ಅಂಚಿನ ಕೆಳಗೆ ಸರಿಸಿ ಎದ್ದೆ. ಬಡಿಸಿದ ಹೆಂಗಸು ಬಾಗಿಲವರೆಗೆ ಓಡಿಬಂದು, ಮರೆತು ಹೋಗಿದ್ದೀರಿ ಎಂದು ನಾಣ್ಯಗಳನ್ನು ನನ್ನ ಕೈಗೇ ಹಾಕಿದಳು. ಅಲ್ಲಿ ಬಿಲ್ಲು ಕೊಡುವಾಗಲೇ ಇಷ್ಟು ಇಟ್ಟುಕೊಳ್ಳಿ ಎಂದು ಬಾಯಿಬಿಟ್ಟು ಹೇಳುವುದು ರೂಢಿ. ನಾನು ಪೆಚ್ಚಾಗಿ ನಿಂತಿದ್ದೆ. ಪೆದ್ದಮ್ಮ ನಾಣ್ಯಗಳನ್ನು ನನ್ನಿಂದ ತೆಗೆದುಕೊಂಡು, ತನ್ನ ಚೀಲದಿಂದ ಒಂದು ರೂಪಾಯಿಯ ನಾಣ್ಯ ಸೇರಿಸಿ, ಎರಡೂ ಕೈಯಿಂದ ಆ ಹೆಂಗಸಿಗೆ ಕೊಟ್ಟಳು. ಮೇಲೊಂದು ರೂಪಾಯಿ ಇರದಿದ್ದರೆ ಕೊಟ್ಟಂತೆ ಅಲ್ಲವಲ್ಲ. ಆ ಹೆಂಗಸು ನಮ್ಮ ರೂಪಾಯಿಯನ್ನು ಬೆಳಕಿಗೆ ಹಿಡಿದು ನೋಡಿ ಏಪ್ರನ್ನಿನ ಬೇರೆ ಜೇಬಿಗೆ ಹಾಕಿಕೊಂಡಳು. ನಾನು ಬಿಲ್ಲಿನಲ್ಲಿ ಸೇವಾ ಶುಲ್ಕದ ಸಾಲು ಹುಡುಕಿ, ಇಲ್ಲಿ ಅದು ಇಲ್ಲ ಎಂದಾಗ, ಹಂಗಾರೆ ಇಲ್ಲಿ ಧರ್ಮದರ್ಶನ ಅನ್ನು ಎಂದಳು ಪೆದ್ದಮ್ಮ. ಅವರ ಭಾಷೆಯಲ್ಲಿ ಭಕ್ಷೀಸಿನ ಪದಕ್ಕೆ ಕುಡಿಯಲು ಕೊಡುವ ಕಾಸು ಎಂದು ಅರ್ಥವಂತೆ. ಚಾ ಕುಡಿಯೋಕೆ ಇಟ್ಕಳ್ರಿ ಎನ್ನುವ ನಮ್ಮ ಮಾತಿಗೂ ಅದಕ್ಕೂ ಏನೂ ಫರಕಿಲ್ಲ ಎಂದು ಗೊತ್ತಾದ ಮೇಲೆ ಅವಳಿಗೆ ಆ ದೇಶದ ಮೇಲೆ ಅರ್ಧ ಅನುಮಾನ ಹೋಯಿತು.

ಉಳಿದರ್ಧ ಹೋದದ್ದು ಶೌಚಾಲಯದಲ್ಲಿ. ಬಾಗಿಲಲ್ಲಿ ಒಬ್ಬ ಮುದುಕಿ ತಟ್ಟೆ ಇಟ್ಟುಕೊಂಡು ಕೂತಿದ್ದಳು, ತಟ್ಟೆಯಲ್ಲಿ ನಾಣ್ಯಗಳು. ಪೆದ್ದಮ್ಮ ಒಂದು ನಾಣ್ಯ ಹಾಕಿ, ಮಂಗಳಾರತಿ ತಟ್ಟೆಗೆ ಕೈಯೊಡ್ಡಿ ಅಭ್ಯಾಸವಾದವಳು, ಅಂಗೈ ಚಾಚಿಕೊಂಡು ನಿಂತೇ ಇದ್ದಳು. ಆ ಮುದುಕಿ ಒಂದು ಕ್ಷಣ ನೋಡಿ, ಮಡಿಚಿದ ಎರಡು ಕಾಗದದ ಕರವಸ್ತ್ರಗಳನ್ನು ಆ ಅಂಗೈ ಮೇಲಿಟ್ಟಳು. ನೋಡ್ದಾ, ಇಲ್ಲೂ ಕೊಸರು ಐತೆ ಎಂದು ಪೆದ್ದಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡೆ.

ಮೇಳದಲ್ಲಿ ಅವಳಿಗೆಂದು ಹಲಗೆಯ ಮೇಲೆ ಒಂದು ಸಣ್ಣ ಮಗ್ಗ ಹೂಡಿದ್ದರು. ಊರಲ್ಲಿ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವವಳಿಗೆ ಕುರ್ಚಿಯ ಮೇಲೆ ಕೂತು ನೇಯುವುದು ಹಿಂಸೆ. ಆದರೂ ಅರ್ಧ ಗಂಟೆಯಲ್ಲಿ ಹದಕ್ಕೆ ತಂದುಕೊಂಡಳು. ನೋಡಲು ನಿಂತವರಲ್ಲಿ ಒಬ್ಬ ಹೆಂಗಸು ಮಗ್ಗದ ಅಂಚಿನ ಮೇಲೆ ಒಂದು ನಾಣ್ಯ ಇಟ್ಟಳು. ಪೆದ್ದಮ್ಮ ಲಾಳಿ ನಿಲ್ಲಿಸಿ, ಆಯಮ್ಮ ಏನು ತಗಂಡ್ಲು ಎಂದು ನನ್ನನ್ನು ಕೇಳಿದಳು. ಏನೂ ಇಲ್ಲ, ನೋಡಿ ಸಂತೋಷವಾಗಿ ಕೊಟ್ಟಿದ್ದಾರೆ ಎಂದೆ. ಅದು ಅವಳಿಗೆ ಆಗಿಬರಲಿಲ್ಲ. ಚೀಲಕ್ಕೆ ಕೈಹಾಕಿ ಸೀರೆಯ ಕೊನೆಯಲ್ಲಿ ಕತ್ತರಿಸಿ ಉಳಿದ ರೇಷ್ಮೆಯ ತುಂಡು ದಾರಗಳನ್ನು ತೆಗೆದು, ಎರಡು ಗಂಟು ಹಾಕಿ ಕುಚ್ಚು ಮಾಡಿ ಆಕೆಯ ಕೈಗಿಟ್ಟಳು. ಆಕೆಗೆ ಎಷ್ಟು ಸಂತೋಷವಾಯಿತೆಂದರೆ ಇನ್ನೊಂದು ನಾಣ್ಯ ಇಟ್ಟಳು. ಪೆದ್ದಮ್ಮ ಇನ್ನೊಂದು ಕುಚ್ಚು ಕೊಟ್ಟಳು. ಇದು ಎಲ್ಲಿಗೆ ಮುಟ್ಟಿತೆಂದರೆ ಶನಿವಾರ ಮಧ್ಯಾಹ್ನದ ಹೊತ್ತಿಗೆ ಕುಚ್ಚಿಗಾಗಿ ಸಾಲು ನಿಂತಿತ್ತು, ಮಗ್ಗ ಸುಮ್ಮನಿತ್ತು, ಪೆದ್ದಮ್ಮ ನಿಟ್ಟುಸಿರು ಬಿಡುತ್ತಾ ಗಂಟು ಹಾಕುತ್ತಿದ್ದಳು. ಈ ಜನ ಬಿಡೋ ಹಂಗೆ ಕಾಣಲ್ಲ ಎಂದು ಅವಳೂ, ನೀವು ಬಿಟ್ಟರೆ ಅವರೂ ಬಿಡ್ತಾರೆ ಎಂದು ನಾನೂ... ನನ್ನ ಜೇಬಿಗೂ ಒಂದು ಬಂದದ್ದು ಆಗಲೇ ಇರಬೇಕು.

ನಮ್ಮ ಜೊತೆ ಬಂದಿದ್ದ ಸಾಹೇಬರಿಗೆ ಮಾತ್ರ ಇದು ತಮಾಷೆಯಾಗಿ ಕಾಣಲಿಲ್ಲ. ಭಾನುವಾರ ಅಂಗಡಿಗಳೆಲ್ಲ ಮುಚ್ಚುವುದರಿಂದ ಜನರೆಲ್ಲ ಇಂಥ ಕಡೆಗೇ ಬರುತ್ತಾರೆ, ಅವತ್ತೇ ಮುಖ್ಯ ದಿನ. ಮುಂದಿನ ಮೂರು ವರ್ಷದ ಮೇಳಗಳನ್ನು ನಮ್ಮ ಸಂಸ್ಥೆಗೆ ಕೊಡಬೇಕೋ ಬೇಡವೋ ಎಂದು ನಿರ್ಧರಿಸುವವರು ಬೆಳಿಗ್ಗೆ ಹತ್ತೂವರೆಗೆ ಬಂದು ಅವಳು ನೇಯುವುದನ್ನೇ ನೋಡುವವರಿದ್ದರು. ನಾಳೆ ಈ ದಾರ ಹಂಚೋದು ಬೇಡ, ನೇಯ್ಗೆ ಸರಿಯಾಗಿ ನಡೀಲಿ, ನಿಮ್ಮ ಮುಂದಿನ ವರ್ಷದ ಕಾಗದವೂ ಅದರ ಮೇಲೇ ನಿಂತಿದೆ ಎಂದು ನನಗೆ ಹೇಳಿ ಹೋದರು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ ಎಂಬುದು ಅವರಿಗೆ ಗೊತ್ತಿತ್ತು. ಸಂಜೆ ಕೋಣೆಗೆ ಬಂದು ಪೆದ್ದಮ್ಮನಿಗೆ ಇದನ್ನು ಹೇಗೆ ಹೇಳುವುದೆಂದು ಯೋಚಿಸುತ್ತಿರುವಾಗ, ಅವಳೇ ತಲೆಗೆ ಎಣ್ಣೆ ಒತ್ತಿಕೊಳ್ಳುತ್ತಾ, ನಾಳೆ ಅಮಾಸೆ, ನೆನಪೈತಲ್ಲ ಎಂದಳು.

ಅವಳ ಎದುರಿಗೆ ಕೂತೆ. ಬೇಡಿಕೊಂಡೆ. ಇದು ಪರದೇಶ, ಇಲ್ಲಿ ಯಾವ ಅಮಾವಾಸ್ಯೆ ಎಂದೆ. ಚಂದ್ರ ಒಬ್ನೇ ಅಲ್ಲೇನವ್ವ ಎಂದಳು. ಒಂದೇ ಒಂದು ಗಂಟೆ ಎಂದೆ. ನೀನು ಮಾತು ಕೊಟ್ಟಿದ್ದೆ ಎಂದಳು, ಸಿಟ್ಟಿಲ್ಲದೆ. ನನ್ನ ನೌಕರಿಯ ವಿಷಯ ಮಾತ್ರ ಹೇಳಲಿಲ್ಲ. ಸ್ವಾಭಿಮಾನ ಎಂದುಕೊಂಡಿದ್ದೆ, ಈಗ ನೋಡಿದರೆ ಬರೀ ಹಮ್ಮು. ಅದನ್ನು ಹೇಳಿ ಕೇಳುವುದಕ್ಕಿಂತ ಸುಳ್ಳು ಹೇಳುವುದು ನನಗೆ ಸುಲಭವಾಗಿ ಕಂಡಿತು.

ಭಾನುವಾರ ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ಕಿಟಕಿಯ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಅಷ್ಟು ನಿರಾಳವಾಗಿ ಕೂತದ್ದನ್ನು ನಾನು ಆ ಮೊದಲು ನೋಡಿರಲಿಲ್ಲ. ನಿಮ್ಮ ಗಡಿಯಾರದಲ್ಲಿ ಎಷ್ಟಾಯ್ತು ಎಂದು ಕೇಳಿದೆ. ಒಂದೂವರೆ ಎಂದಳು. ಕ್ಯಾಲೆಂಡರ್ ನೋಡಿದೆ ಪೆದ್ದಮ್ಮ, ಈ ಸಲ ಅಮಾಸೆ ನಮ್ಮೂರ ಟೈಮಿಗೆ ಮಧ್ಯಾಹ್ನ ಒಂದು ಗಂಟೆಗೇ ಕಳೀತಂತೆ ಎಂದೆ. ಹೇಳುವಾಗ ಸೂಟ್‌ಕೇಸಿನ ಜಿಪ್ಪು ಎಳೆಯುತ್ತಿದ್ದೆ, ಮುಖ ಆ ಕಡೆ ಇತ್ತು. ಅವಳು ಮತ್ತೊಮ್ಮೆ ಗಡಿಯಾರ ನೋಡಿಕೊಂಡಳು. ಆಮೇಲೆ, ಪಾಡ್ಯ ಬಂತಾ ಎಂದಳು. ಬಂತು ಎಂದೆ. ಕಾಲು ಮಡಚಿಕೊಂಡು, ನೆಲಕ್ಕೆ ಕೈಯೂರಿ ಎದ್ದು, ಹೋಗೋಣ ನಡಿ ಎಂದಳು.

ಅವತ್ತಿನ ಹಾಗೆ ಅವಳು ನೇಯ್ದದ್ದನ್ನು ನಾನು ಎಂದೂ ನೋಡಿಲ್ಲ. ಬಂದವರು ಅರ್ಧ ಗಂಟೆ ಎಂದು ಬಂದು ಎರಡು ಗಂಟೆ ನಿಂತರು. ಅಂಚಿನಲ್ಲಿ ಗಿಳಿಯ ಕೊಕ್ಕು, ಕಣ್ಣು, ರೆಕ್ಕೆ ಮೂಡಿದಂತೆ ಮಕ್ಕಳು ಹತ್ತಿರ ಬಂದು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಚಪ್ಪಾಳೆ ಬಿತ್ತು. ಸಾಹೇಬರು ನನ್ನ ಕಡೆ ನೋಡಿ ತಲೆಯಾಡಿಸಿದರು. ಮಗ್ಗದ ಪಕ್ಕದ ಬಟ್ಟಲಿಗೆ ನಾಣ್ಯಗಳು ಬೀಳುತ್ತಲೇ ಇದ್ದವು. ಪೆದ್ದಮ್ಮ ಒಮ್ಮೆಯೂ ಚೀಲಕ್ಕೆ ಕೈ ಹಾಕಲಿಲ್ಲ. ಒಬ್ಬರಿಗೂ ಕುಚ್ಚು ಕೊಡಲಿಲ್ಲ. ಸಾಹೇಬರ ಮಾತು ಹೇಗೋ ಅವಳಿಗೆ ತಲುಪಿರಬೇಕು ಎಂದುಕೊಂಡೆ, ಒಳಗೊಳಗೇ ಸಮಾಧಾನವೂ ಆಯಿತು.

ಸಾಯಂಕಾಲ ಸೊಸೆಯ ಫೋನು ಬಂತು. ಪೆದ್ದಮ್ಮನಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತಿದ್ದಳು. ಊರಿನ ಸುದ್ದಿಯೆಲ್ಲ ಮುಗಿದ ಮೇಲೆ ಸೊಸೆ, ಇವತ್ತು ನಮ್ಮ ಬೀದಿಯಾಗೆ ಎಲ್ಲಾ ಮುಚ್ಚಿದ್ವಿ, ಅಮಾಸೆಗೆ ನಿಮಗೆ ಅಲ್ಲಿ ರಜೆ ಕೊಟ್ರಾ ಎಂದು ಕೇಳಿದಳು. ಪೆದ್ದಮ್ಮ ನನ್ನ ಮುಖ ನೋಡಿದಳು. ನೋಡುತ್ತಲೇ ಫೋನಿಗೆ, “ಹೂನವ್ವ, ಇಲ್ಲೂ ಮಗ್ಗ ಮುಚ್ಚಿದ್ವಿ. ಕಾಲು ಚಾಚ್ಕಂಡು ಕೂತಿದ್ದೆ” ಎಂದಳು.

ಫೋನು ಇಟ್ಟ ಮೇಲೆ ಅವಳೇ ಹೇಳಿದಳು. ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗಲೇ ಸೊಸೆ ಒಮ್ಮೆ ಮಾತಾಡಿದ್ದಳಂತೆ. ಮರುದಿನ ಬೆಳಗಿನವರೆಗೂ ಅಮಾವಾಸ್ಯೆ ಇದೆ ಎಂಬುದು ಪೆದ್ದಮ್ಮನಿಗೆ ಆಗಲೇ ತಿಳಿದಿತ್ತು. ಗೊತ್ತಿದ್ದೂ ಯಾಕೆ ಕೂತಿರಿ ಎಂದು ಅಳುತ್ತಾ ಕೇಳಿದೆ. “ಸುಳ್ಳು ಹೇಳಾಕೆ ನಿನಗೆ ಬರಲ್ಲ. ಬರದೇ ಇರೋಳು ಹೇಳ್ತಾ ಅವ್ಳೆ ಅಂದ್ರೆ ಏನೋ ದೊಡ್ಡ ಕಷ್ಟಾನೇ ಇರ್ಬೇಕು ಅಂದ್ಕಂಡೆ” ಎಂದು, ಆ ಮುದುಕಿ ಕೊಟ್ಟಿದ್ದ ಕಾಗದದ ಕರವಸ್ತ್ರವನ್ನು ಸೊಂಟದಿಂದ ತೆಗೆದು ನನ್ನ ಕೈಗಿಟ್ಟಳು. ಇವತ್ತು ನೇಯ್ದಿದ್ದೇ ಕೊಸರು, ಅದಕ್ಕೇ ಯಾರಿಗೂ ಕುಚ್ಚು ಕೊಡ್ಲಿಲ್ಲ ಎಂದೂ ಹೇಳಿದಳು. ಆಮೇಲೆ ನೌಕರಿಯ ವಿಷಯವೆಲ್ಲ ಹೇಳಿದೆ. ಮೊದಲೇ ಹೇಳಿದ್ದರೆ ಸುಳ್ಳಿನ ಕೆಲಸವೇ ಇರಲಿಲ್ಲ ಎಂದು ಅವಳು ಬೈದದ್ದು ಅಷ್ಟಕ್ಕೆ ಮಾತ್ರ.

ಅಮಾವಾಸ್ಯೆಗೆ ಕೂತರೆ ಕೇಡಾಗುತ್ತದೆಂಬ ಹೆದರಿಕೆ ಅವಳಿಗೆ ಇರಲಿಲ್ಲ. ಇದ್ದದ್ದು ಬೇರೆಯದೇ. ಅವಳು ಮದುವೆಯಾಗಿ ಬಂದ ಹೊಸತರಲ್ಲಿ, ರೇಷ್ಮೆ ಕೊಟ್ಟು ಸೀರೆ ನೇಯಿಸುವ ಸಾಹುಕಾರರೊಬ್ಬರು ಮದುವೆ ಸುಗ್ಗಿಯಲ್ಲಿ ಅಮಾವಾಸ್ಯೆಗೂ ಕೂರಲು ಒಂದು ಮನೆಯವರನ್ನು ಒಪ್ಪಿಸಿದರಂತೆ. ಇವತ್ತೊಂದು ದಿನ ಎಂದೇ ಕೂತರು. ಮುಂದಿನ ತಿಂಗಳು ಸಾಹುಕಾರರು ಎಲ್ಲ ಮನೆಗಳಿಗೂ ಬಂದು, ಅವರು ಕೂತರು, ನಿಮಗೇನು ಧಾಡಿ ಎಂದರು. ತಿಂಗಳಲ್ಲಿ ಕಾಲು ಕುಣಿಯಿಂದ ಮೇಲೆ ಬರುವುದು ಆ ಒಂದು ದಿನ. ಬಸುರಿಯರು, ಮುದುಕರು, ಬೆನ್ನು ನೋವಿನವರು ಎಲ್ಲರೂ ಕೂರಬೇಕಾಯಿತು. ಆ ರಜೆಯನ್ನು ಮತ್ತೆ ವಾಪಸು ಪಡೆಯಲು ಬೀದಿಯವರೆಲ್ಲ ಹದಿನೈದು ದಿನ ಮಗ್ಗ ನಿಲ್ಲಿಸಿ ಗಂಜಿ ಕುಡಿದರಂತೆ. ಅವಳ ಗಂಡನೇ ಮುಂದೆ ನಿಂತಿದ್ದ. “ಅದಕ್ಕೇ ಹೇಳೋದು, ಊರಾಗೆ ಬಾಯಿ ಬಿಡಬ್ಯಾಡ. ಪೆದ್ದಮ್ಮನೇ ಕೂತ್ಲು ಅಂತ ಸಾವ್ಕಾರ್ರ ಕಿವಿಗೆ ಬಿದ್ರೆ ಉಳಿದೋರಿಗೆ ಬ್ಯಾಡ ಅನ್ನಾಕೆ ಬಾಯಿ ಇರಲ್ಲ.” ಹೇಳುವುದಿಲ್ಲ ಎಂದೆ. ಅವಳಿಗೆ ನಾನು ಕೊಟ್ಟ ಎರಡನೆಯ ಮಾತು ಅದು. ಮೊದಲನೆಯದನ್ನು ಮುರಿದವಳ ಮಾತನ್ನು ಅವಳು ಯಾಕೆ ನಂಬಿದಳೋ... ನಂಬಿದಳು.

ನನ್ನ ಕಾಗದ ಮುಂದುವರಿಯಿತು. ಎರಡು ವರ್ಷದ ಮೇಲೆ ಕೆಲಸ ಕಾಯಂ ಕೂಡ ಆಯಿತು. ಮೊದಲ ತಿಂಗಳ ಸಂಬಳದಲ್ಲಿ ಅವಳಿಗೆ ಸ್ಟೀಲಿನ ಸ್ಟ್ರಾಪಿನ ಹೊಸ ಗಡಿಯಾರ ಒಯ್ದರೆ, ಇದರಾಗೆ ಯಾವೂರ ಟೈಮು ಐತೆ ಎಂದು ಕೇಳಿ ನಗಿಸಿದಳು. ಮೊಳಕಾಲ್ಮೂರಿಗೆ ಹೋದಾಗಲೆಲ್ಲ ಅವಳ ಜಗಲಿಯಲ್ಲಿ ಕೂತು, ಒಂದು ಲೋಟ ಮಜ್ಜಿಗೆ ಕುಡಿಯದೆ ನಾನು ಬಸ್ಸು ಹತ್ತಿದವಳಲ್ಲ. ಆ ಭಾನುವಾರದ ಮಾತನ್ನು ಇಬ್ಬರೂ ಎತ್ತಲಿಲ್ಲ. ಎರಡು ವರ್ಷದ ಹಿಂದೆ ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟಳು. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಜಗಲಿಯಲ್ಲಿ ಕೂತಿದ್ದ ಹಿರಿಯರು, ವಿಮಾನ ಹತ್ತಿ ಹೋದಾಗಲೂ ಅಮಾಸೆ ಬಿಡಲಿಲ್ಲ ನಮ್ಮ ಪೆದ್ದಮ್ಮ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನಾನು ತಲೆ ತಗ್ಗಿಸಿ ಕೂತಿದ್ದೆ. ದುಃಖ ಎಂದುಕೊಂಡಿರಬೇಕು ಅವರು. ದುಃಖವೂ ಹೌದು.

ಕುಚ್ಚು ಸಿಕ್ಕ ಮೂರನೆಯ ದಿನಕ್ಕೆ ಮನಸ್ಸು ತಡೆಯದೆ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಬೀದಿಗೆ ಕಾಲಿಟ್ಟಾಗಲೇ ತಿಳಿದದ್ದು, ಅವತ್ತು ಅಮಾವಾಸ್ಯೆ. ಒಂದು ಮಗ್ಗದ ಸದ್ದೂ ಇರಲಿಲ್ಲ. ಈಗ ಆ ಬೀದಿಯಲ್ಲಿ ಮಗ್ಗಗಳು ಮೊದಲಿನಷ್ಟಿಲ್ಲ, ಇರುವವು ಸುಮ್ಮನಿದ್ದವು. ಪೆದ್ದಮ್ಮನ ಮನೆಯ ಮುಂದೆ ಒಂದು ಕಾರು ನಿಂತಿತ್ತು. ಜಗಲಿಯ ಮೇಲೆ ಸೊಸೆ ತಲೆಗೂದಲು ಬಿಚ್ಚಿ ಒಣಗಿಸುತ್ತಾ, ಕಾಲು ಬಿಸಿಲಿಗೆ ಚಾಚಿ ಕೂತಿದ್ದಳು. ಎದುರಿಗೆ ಹೊರಗಿನಿಂದ ಬಂದ ಒಬ್ಬ ಸೀರೆ ವ್ಯಾಪಾರಿ. ಮದುವೆಯ ಸೀರೆ, ಒಂದು ಮೊಳ ಬಾಕಿ ಇದೆ, ಇವತ್ತು ಮುಗಿಸಿಕೊಟ್ಟರೆ ಕೂಲಿಯ ಮೇಲೆ ಭಕ್ಷೀಸು ಬೇರೆ ಕೊಡುತ್ತೇನೆ, ಒಂದು ದಿನಕ್ಕೆ ಏನಾಗುತ್ತದೆ ಎಂದು ಅವರು ಒತ್ತಾಯಿಸುತ್ತಿದ್ದರು. ನನ್ನನ್ನು ಕಂಡು ಸೊಸೆ ಸೆರಗು ಸರಿಮಾಡಿಕೊಂಡು ಅವರ ಕಡೆ ತಿರುಗಿದಳು.

“ನಮ್ಮತ್ತೆ ಪರದೇಶಕ್ಕೆ ಹೋದಾಗ್ಲೂ ಅಮಾಸೆಗೆ ಕೂರಲಿಲ್ಲ, ನಾನು ಕೂರ್ತೀನಾ? ಬೇಕಾದ್ರೆ ಈ ಮೇಡಮ್ಮೋರ್ನ ಕೇಳ್ರಿ. ಜತೆಗಿದ್ದೋರು ಇವರೇ.”

ವ್ಯಾಪಾರಿ ನನ್ನನ್ನು ನೋಡಿದರು. ಈ ಸಲ ನಾನು ಮುಖ ತಿರುಗಿಸಲಿಲ್ಲ. ಹೌದ್ರಿ, ಸಾಹೇಬರೇ ನಿಂತು ಹೇಳಿದರೂ ಪೆದ್ದಮ್ಮ ಕೂರಲಿಲ್ಲ, ಮೇಳ ನಿಂತರೂ ನಿಲ್ಲಲಿ ಅಂದ್ರು ಎಂದೆ. ಅವರು ಗೊಣಗುತ್ತಾ ಕಾರು ಹತ್ತಿದರು.

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಸೊಸೆ ಕೂದಲು ಒಣಗಿಸುತ್ತಲೇ ಇದ್ದಳು. ಆಮೇಲೆ ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟು ಪಕ್ಕದಲ್ಲಿ ಕೂತು, ಜ್ವರ ಬಂದ ಎರಡನೇ ದಿನ ಅತ್ತೆ ಎಲ್ಲಾ ಹೇಳಿದ್ರು ಎಂದಳು. ಲೋಟ ಕೆಳಗಿಟ್ಟು ಅವಳ ಕಡೆ ತಿರುಗಿದೆ. ಅವಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಆ ಮೇಡಮ್ಮನ್ನ ಸಾಕ್ಷಿಗೆ ಕರಿ, ಈಗ ಸುಳ್ಳು ಚೆನ್ನಾಗಿ ಹೇಳ್ತಾಳೆ ಎಂದೂ ಹೇಳಿ ಹೋಗಿದ್ದಳಂತೆ ಆ ಮಹಾತಾಯಿ. ಇದನ್ನು ಎಲ್ಲಾದರೂ ಬರೆಯಬೇಕು ಅನ್ನಿಸುತ್ತಿದೆ, ಆದರೆ ಕೊಟ್ಟ ಮಾತಿದೆಯಲ್ಲ, ಬರೆಯಲಾ ಬೇಡವಾ ಎಂದು ಸೊಸೆಯನ್ನೇ ಕೇಳಿದೆ.

“ಬರೀರಿ, ಅದಕ್ಕೇನು. ಸಾವ್ಕಾರ್ರು ಎಲ್ಲಿ ಪುಸ್ತಕ ಓದ್ತಾರೆ?”

ಇಬ್ಬರಿಗೂ ನಗು ಬಂತು. ನಕ್ಕೆವು, ಆಮೇಲೆ ಒಟ್ಟಿಗೇ ನಗು ನಿಂತು ಇಬ್ಬರೂ ಒಳಗಿನ ಮಗ್ಗದ ಕಡೆ ನೋಡಿದೆವು. ಈ ಮಾತಿಗೆ ಎಲ್ಲರಿಗಿಂತ ಜೋರಾಗಿ ನಗಬೇಕಾದವಳು ಇರಲಿಲ್ಲ.